ಕಾಲೂರಬಾರದು

"ಇದು ಏನು?" ಎಂದು ಕೇಳಿದಾಗ ನಾನು "ದಿಂಬು" ಎಂದುಬಿಟ್ಟೆ.

ಹಾಗೆ ಹೇಳಬಾರದಿತ್ತು. ಏಕೆಂದರೆ ಅಷ್ಟು ಹೊತ್ತಿಗೆ ಆ ವಸ್ತು ನನ್ನ ಚೀಲದಿಂದ ಹೊರಬಿದ್ದು, ದೋಣಿಕಟ್ಟೆಯ ತಪಾಸಣೆಯ ಮೇಜಿನ ಮೇಲೆ, ಹನ್ನೊಂದು ಮಂದಿ ಸಹಪ್ರಯಾಣಿಕರ ಸಮ್ಮುಖದಲ್ಲಿ ಅಂಗಾತ ಮಲಗಿತ್ತು. ಹಳದಿ ಮೈ, ಕೆಂಪು ಕೊಕ್ಕು, ಎರಡು ದೊಡ್ಡ ಕಣ್ಣು. (ಕಣ್ಣಿಗೆ ರೆಪ್ಪೆ ಬೇರೆ.)

"ದಿಂಬಿಗೆ ಕೊಕ್ಕು ಯಾಕೆ ಸಾರ್?" ಎಂದರು ಮೇಜಿನ ಆಚೆ ನಿಂತಿದ್ದ ಮಾರ್ಗದರ್ಶಿ ಹೆಂಗಸು. ಐವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮುಖ, ಕೊರಳಲ್ಲೊಂದು ಸೀಟಿ. ಆಮೇಲೆ ಮೂರು ದಿನ ನಾವೆಲ್ಲ ಅವರನ್ನು ಸೀಟಿ ಮೇಡಂ ಎಂದೇ ಕರೆದೆವು. ಅವರು ಆ ವಸ್ತುವನ್ನು ತಿರುಗಿಸಿ, ಹೊಟ್ಟೆಯ ಮೇಲೆ ಅಚ್ಚಾಗಿದ್ದುದನ್ನು ಎಲ್ಲರಿಗೂ ಕೇಳುವಂತೆ ಓದಿದರು: "ಮೂರರಿಂದ ಆರು ವರ್ಷದ ಮಕ್ಕಳಿಗೆ ಮಾತ್ರ. ಜೊತೇಲಿ ಮಕ್ಕಳಿದ್ದಾರಾ?"

"ಇಲ್ಲ," ಎಂದಳು ನನ್ನ ಹೆಂಡತಿ, ನನಗಿಂತ ಮೊದಲೇ. "ಇವರೊಬ್ಬರೇ."

ನಾವು ಹೊರಟಿದ್ದು ಒಂದು ಸಂರಕ್ಷಿತ ದ್ವೀಪಕ್ಕೆ. ಆಮೆ, ಹವಳ, ಕಡಲಹಕ್ಕಿಗಳಿಗೆ ಮೀಸಲಾದ ಜಾಗ. ಮನುಷ್ಯರನ್ನು ಒಮ್ಮೆಗೆ ಹನ್ನೆರಡು ಜನರಂತೆ, ದೊಡ್ಡ ಮನಸ್ಸು ಮಾಡಿ ಒಳಗೆ ಬಿಡುತ್ತಾರೆ. ಹೊರಗಿನ ಒಂದು ಬೀಜ, ಒಂದು ಇರುವೆ ಸಹ ಅಲ್ಲಿಗೆ ಹೋಗಕೂಡದೆಂದು ಎಲ್ಲರ ಚೀಲ ಬಗ್ಗಿಸಿ, ಚಪ್ಪಲಿಯ ತಳ ಉಜ್ಜಿ, ಪ್ರತಿ ಸಾಮಾನನ್ನೂ ದಫ್ತರದಲ್ಲಿ ಬರೆದುಕೊಳ್ಳುತ್ತಾರೆ. ಗಾಳಿ ತುಂಬುವ ಆಟಿಕೆಗಳಿಗಂತೂ ಪ್ರವೇಶವೇ ಇಲ್ಲ. ಹರಿದು ಚೂರಾದರೆ ಆಮೆ ನುಂಗುತ್ತದಂತೆ. ಆದರೆ ಸೀಟಿ ಮೇಡಂ ನಮ್ಮ ಅರ್ಜಿಯನ್ನೊಮ್ಮೆ ನೋಡಿದರು, ನನ್ನ ಹೆಂಡತಿಯ ಮುಖವನ್ನೊಮ್ಮೆ ನೋಡಿದರು, ಏನನ್ನೋ ಯೋಚಿಸಿ ದಫ್ತರದಲ್ಲಿ ಬರೆದರು: "ಸುರಕ್ಷಾ ಸಾಮಗ್ರಿ. ಬಾತುಕೋಳಿ, ಒಂದು."

"ಇದು ನನ್ನ ಹತ್ರ ಇರ್ಲಿ," ಎಂದು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ನೋಟದ ಅರ್ಥ ಆಗಲೇ ಆಗಿದ್ದರೆ ನಾನು ದೋಣಿಯನ್ನೇ ಹತ್ತುತ್ತಿರಲಿಲ್ಲ.

ಬಾತುಕೋಳಿಯ ಮೂಲ ಹುಡುಕಿದರೆ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ. ನಾನು ಹೆಣ್ಣು ನೋಡಲು ಹೋದ ದಿನ, ನಮ್ಮ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ನಮ್ಮ ಹುಡುಗ ಎಂಥಾ ಸಾಗರವನ್ನಾದರೂ ಈಜಿ ದಡ ಸೇರ್ತಾನೆ" ಎಂದರು. ಅವರು ಹೇಳಿದ್ದು ಸಂಸಾರ ಸಾಗರ. ಆದರೆ ಮೂಲೆಯಲ್ಲಿ ಕೂತಿದ್ದ ಹುಡುಗಿ ತಟ್ಟನೆ ತಲೆಯೆತ್ತಿ, "ಹೌದಾ? ಈಜು ಬರುತ್ತಾ ನಿಮಗೆ?" ಎಂದು ಕೇಳಿದಳು. ಆ ಕಣ್ಣು ಅರಳಿದ್ದನ್ನು ನೀವು ನೋಡಬೇಕಿತ್ತು. ನಾನು ತಲೆಯಾಡಿಸಿದೆ. ಅಷ್ಟೇ. ಬಾಯಿ ಕೂಡ ಬಿಡಲಿಲ್ಲ.

ಮದುವೆಯಾದ ಮೇಲೆ ನನ್ನ ಉಳಿದ ಪ್ರತಾಪಗಳೆಲ್ಲ ಒಂದೊಂದಾಗಿ ಉದುರಿದವು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು. ಉತ್ತರ ಕೊಟ್ಟರೆ ಸಾಲದು, ಲೆಕ್ಕ ಬಿಡಿಸಿದ ಕ್ರಮವನ್ನೂ ತೋರಿಸಬೇಕು. ನನಗೆ ಅಡುಗೆ ಬರುತ್ತದೆ ಎಂಬುದು ಮೊದಲ ವಾರವೇ ಸುಟ್ಟು ಕರಕಲಾಯಿತು. ಸ್ಕ್ರೂಡ್ರೈವರು ಹಿಡಿಯಬಲ್ಲೆ ಎಂಬುದು ಮೂರು ಮನೆಗಳ ಫ್ಯೂಸಿನ ಜೊತೆಗೆ ಹಾರಿಹೋಯಿತು. ಕೊನೆಗುಳಿದದ್ದು ಈಜೊಂದೇ. ಪರೀಕ್ಷೆ ನಡೆಯದ್ದರಿಂದ ಉಳಿದಿತ್ತು. ಕೊಳ ಕಂಡರೆ "ಕ್ಲೋರಿನ್ ನನಗೆ ಆಗಲ್ಲ", ಹೊಳೆ ಕಂಡರೆ "ಸೆಳವು ಜಾಸ್ತಿ", ಕೆರೆ ಕಂಡರೆ "ಈಗ ತಾನೆ ಊಟ ಆಯ್ತಲ್ಲೇ" ಎನ್ನುತ್ತ ಕಾಲು ಶತಮಾನ ಒಂದು ತೊಟ್ಟು ನೀರು ಮುಟ್ಟದೆ ಈಜುಗಾರನಾಗಿ ಬಾಳಿದ್ದೆ. ನನ್ನ ಮರ್ಯಾದೆಯ ಕಡೆಯ ಕಂಬ ಅದು.

ಹೀಗಿರುವಾಗ, ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಅವಳು ಈ ಪ್ರವಾಸಕ್ಕೆ ಹೆಸರು ಬರೆಸಿದಳು.

"ಎರಡು ರಾತ್ರಿ ಡೇರೆಯಲ್ಲಿ ವಾಸ. ಬೆಳಿಗ್ಗೆ ಮುಖಕ್ಕೆ ಗಾಜಿನ ಮುಖವಾಡ ಕಟ್ಟಿಕೊಂಡು, ಬಾಯಲ್ಲಿ ಕೊಳವೆ ಇಟ್ಟುಕೊಂಡು ಸ್ನಾರ್ಕೆಲಿಂಗು. ನಿಮಗೆ ಹೇಳಿ ಮಾಡಿಸಿದ ಹಾಗಿದೆ ರೀ."

"ನನ್ನ ಅಂಗಡಿ?" ಎಂದೆ. ನನ್ನದು ಕನ್ನಡಕದ ಅಂಗಡಿ.

"ಮೂರು ದಿನ ಊರು ಕುರುಡಾಗಲ್ಲ. ನನ್ನ ತಮ್ಮನೂ ಬರ್ತಾನೆ. ಹೊಸ ಕ್ಯಾಮೆರಾ ತಗೊಂಡಿದ್ದಾನಂತೆ, ನೀರೊಳಗೂ ವೀಡಿಯೋ ಬರುತ್ತಂತೆ."

ಅಂದಿನಿಂದ ನಾನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಉಸಿರು ಕಟ್ಟುವ ಅಭ್ಯಾಸ ಶುರು ಮಾಡಿದೆ.

"ರೀ, ಒಳಗೇನದು ಬುಳುಬುಳು?"

"ಬಾಯಿ ಮುಕ್ಕಳಿಸ್ತಿದ್ದೀನಿ."

"ಅರ್ಧ ಗಂಟೆಯಿಂದ?"

"ಹಲ್ಲು ಮೂವತ್ತೆರಡಿದೆ ಕಣೇ!"

ಬಕೆಟ್ಟಿನಲ್ಲಿ ನನ್ನ ತಲೆ ಮಾತ್ರ ಈಜು ಕಲಿಯಿತು. ಮಿಕ್ಕ ಎಂಬತ್ತೆರಡು ಕಿಲೋ ದಡದಲ್ಲೇ ಉಳಿಯಿತು. ಆ ಮಿಕ್ಕಿದ್ದಕ್ಕಾಗಿ ಆಟಿಕೆ ಅಂಗಡಿಯಲ್ಲಿ ಬಾತುಕೋಳಿ ಕೊಂಡದ್ದು. ಅದೂ ಈಗ ಸೀಟಿ ಮೇಡಂ ವಶ.

ದ್ವೀಪ ಮುಟ್ಟಿದ ದಿನದ ವೀರಗಾಥೆ ಉದ್ದ ಮಾಡುವುದಿಲ್ಲ. ಡೇರೆ ಕಟ್ಟಲು ಹೋಗಿ ಅದರೊಳಗೆ ಸುತ್ತಿಕೊಂಡು ನಾನು ಮರಳಿನ ಮೇಲೆ ಉರುಳಾಡುತ್ತಿದ್ದಾಗ ಹೆಂಡತಿ ಹತ್ತೇ ನಿಮಿಷದಲ್ಲಿ, ನನ್ನನ್ನು ಬಿಡಿಸುವ ಗೋಜಿಗೂ ಹೋಗದೆ, ನಾನಿದ್ದಂತೆಯೇ ನಾಲ್ಕು ಗೂಟ ಹೊಡೆದು ಡೇರೆ ನಿಲ್ಲಿಸಿದಳು. ಭಾವಮೈದ ಅದನ್ನೂ ಚಿತ್ರೀಕರಿಸಿದ. "ಭಾವಾ, ಒಂದು ಸಲ ಕೈ ಆಡಿಸಿ, ಬದುಕಿದ್ದೀರಿ ಅಂತ ಗೊತ್ತಾಗ್ಲಿ," ಎಂದು ಹೊರಗಿಂದ ಕೂಗುತ್ತಿದ್ದ.

ಸಂಜೆ ನನ್ನ ಮನಸ್ಸಿಗೆ ಸ್ವಲ್ಪ ತಂಪಾಯಿತು. ದಡದಲ್ಲಿ ನಿಂತು ನೋಡಿದರೆ, ನೂರು ಗಜ ಆಚೆಗೆ ಹೋದವರಿಗೂ ನೀರು ಸೊಂಟಮಟ್ಟ! ನನಗೊಂದು ದಿವ್ಯವಾದ ಉಪಾಯ ಹೊಳೆಯಿತು. ಮುಖ ನೀರೊಳಗೆ ಇಟ್ಟುಕೊಂಡು, ಮೇಲೆ ಕೈ ಬೀಸುತ್ತ, ಕೆಳಗೆ ಸದ್ದಿಲ್ಲದೆ ನಡೆದುಕೊಂಡು ಹೋಗಿಬಿಡುವುದು. ದಡದಿಂದ ನೋಡುವವರಿಗೆ ಈಜು, ಒಳಗೆ ಪಾದಯಾತ್ರೆ. ಕಡಲು ನನ್ನ ಪಕ್ಷದಲ್ಲಿತ್ತು. ಆ ರಾತ್ರಿ ನಾನು ಗೊರಕೆ ಹೊಡೆದೆನಂತೆ. ಗೂಡಿನಲ್ಲಿದ್ದ ಹಕ್ಕಿಗಳು ಎದ್ದು ಜಾಗ ಬದಲಾಯಿಸಿದುವಂತೆ. (ಇದು ಹೆಂಡತಿಯ ವರದಿ. ಹಕ್ಕಿಗಳು ದೂರು ಕೊಟ್ಟಿಲ್ಲ.)

ಬೆಳಿಗ್ಗೆ ಸೀಟಿ ಮೇಡಂ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ನೀರಿನಲ್ಲಿ ಒಂದು ಹಗ್ಗ ಕಟ್ಟಿತ್ತು.

"ಹಗ್ಗದವರೆಗೆ ಮರಳು. ಅಲ್ಲಿಂದಾಚೆ ಹವಳ. ಒಂದು ಬೆರಳುದ್ದ ಬೆಳೆಯೋಕೆ ವರ್ಷಗಟ್ಟಲೆ ಬೇಕು, ಮುರಿಯೋಕೆ ನಿಮ್ಮ ಒಂದು ಹೆಜ್ಜೆ ಸಾಕು. ಅದಕ್ಕೇ ಮೂರು ಮಾತು. ಏನನ್ನೂ ಮುಟ್ಟಬಾರದು. ಏನನ್ನೂ ಕೆದಕಬಾರದು. ಕಾಲೂರಬಾರದು."

"ಕಾಲು... ಊರಬಾರದು?" ಎಂದೆ.

"ಊರಲೇಬಾರದು. ನೀರು ಸೊಂಟಮಟ್ಟ ಇದ್ರೂ ತೇಲ್ಕೊಂಡೇ ಇರಬೇಕು. ಊರಿದ್ರೆ ಸೀಟಿ ಹೊಡೀತೀನಿ."

ನನ್ನ ಪಾದಯಾತ್ರೆ ಅಲ್ಲೇ ಮುಗಿಯಿತು. ಮದುವೆಯಾದಂದಿನಿಂದ ಸ್ವಂತ ಕಾಲಿನ ಮೇಲೆ ನಿಲ್ಲುವ ಭಾಗ್ಯ ನನಗೆ ಇರಲಿಲ್ಲ ನಿಜ. ಆದರೆ ಅದಕ್ಕೆ ಕಾನೂನಿನ ನಿಷೇಧ ಬಂದದ್ದು ಅದೇ ಮೊದಲು.

ಮೇಡಂ ಇನ್ನೂ ಹೇಳುತ್ತಿದ್ದರು. "ಬಂಡೆ ಸಂದೀಲಿ ಆಕ್ಟೋಪಸ್ ಇರುತ್ತೆ. ಕಲ್ಲಿನ ಬಣ್ಣ ತಾಳಿ, ತಾನೇ ಕಲ್ಲು ಅಂತ ನಟಿಸುತ್ತೆ. ನಿಮಗೆ ಗೊತ್ತಾದ್ರೂ ಗೊತ್ತಾಗಿಲ್ಲ ಅನ್ನೋ ಹಾಗೇ ಇರಬೇಕು. ಧೈರ್ಯ ಬಂದಾಗ ತಾನಾಗೇ ಹೊರಗೆ ಬರುತ್ತೆ. ಆಯ್ತು, ಈಜು ಬರದವರು ಕಿತ್ತಳೆ ಬಣ್ಣದ ಜಾಕೆಟ್ ತಗೊಳ್ಳಿ."

ಐದು ಜನ ತೆಗೆದುಕೊಂಡರು. ನನ್ನ ಹೆಂಡತಿಯೂ ಒಂದು ತೊಟ್ಟು ಬಿಗಿದುಕೊಂಡಳು. ನನ್ನ ಕೈ ತಾನಾಗಿ ಜಾಕೆಟ್ಟಿನತ್ತ ಹೋಗುತ್ತಿತ್ತು.

"ನಿಮಗೆ ಯಾಕೆ ರೀ ಅದು?" ಎಂದಳು.

ಅವಳ ಕಣ್ಣಲ್ಲಿ ಅದೇ ಹಳೆಯ ಹೊಳಪು. (ಹೊಳಪೋ, ಬಿಸಿಲೋ, ಕನ್ನಡಕ ತೆಗೆದಿಟ್ಟಿದ್ದೆ. ಊರಿಗೆಲ್ಲ ಕಣ್ಣು ಕೊಡುವವನಿಗೆ ತನ್ನ ಕನ್ನಡಕವಿಲ್ಲದಿದ್ದರೆ ಹೆಂಡತಿಯೂ ಹೊಳೆಯುತ್ತಾಳೆ.) "ಅಲ್ಲ, ಜಾಕೆಟ್ಟಿನ ಹೊಲಿಗೆ ನೋಡ್ತಿದ್ದೆ," ಎಂದು ಕೈ ಹಿಂದಕ್ಕೆಳೆದುಕೊಂಡೆ. ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು! ಇಳಿದೇಬಿಟ್ಟೆ.

ಹಗ್ಗ ಬಂತು. ಕೊಳವೆ ಕಚ್ಚಿಕೊಂಡೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಮಾಡಿದವನು ಸ್ನಾರ್ಕೆಲಿಂಗ್ ಮಾಡಿಯೇ ಮಾಡಿರಬೇಕು. ಬೋರಲು ಮಲಗಿದೆ. ಒಂದು, ಎರಡು, ಮೂರು, ನಾಲ್ಕು ಸೆಕೆಂಡು ನಾನು ತೇಲಿದೆ. ಸತ್ಯವಾಗಿ ತೇಲಿದೆ! ಐದನೆಯ ಸೆಕೆಂಡಿಗೆ ಕಾಲು ನೆಲ ಹುಡುಕಿತು.

ಪೀಈಈ! "ಸಾರ್, ಕಾಲು!"

ಕಾಲೆತ್ತಿದೆ. ಮುಳುಗಿದೆ. ಅರ್ಧ ಲೀಟರು ಕಡಲು ಕುಡಿದು ಮತ್ತೆ ಕಾಲಿಳಿಸಿದೆ.

ಪೀಈಈ! "ಸಾರ್!"

ಊರಿದರೆ ಕಾನೂನು, ಎತ್ತಿದರೆ ಯಮ. ಸೊಂಟಮಟ್ಟದ ನೀರಿನಲ್ಲಿ, ಎದ್ದು ನಿಂತರೆ ಮುಗಿಯುವ ಸಾವನ್ನು, ಎದ್ದು ನಿಲ್ಲುವಂತಿಲ್ಲ ಎಂಬ ಒಂದೇ ಕಾರಣಕ್ಕೆ ನಾನು ಸಾಯುತ್ತಿದ್ದೆ.

"ಅಕ್ಕಾ, ಭಾವ ಹೊಡೀತಿರೋದು ಯಾವ ಸ್ಟ್ರೋಕೇ? ಚಿಟ್ಟೆ ಥರಾನಾ?" ಭಾವಮೈದನ ದನಿ.

"ಚಿಟ್ಟೆ ಅಲ್ಲ ಕಣೋ. ಎಣ್ಣೇಲಿ ಬಿದ್ದ ಸೊಳ್ಳೆ."

ಆಮೇಲೆ ನಾನು ಇಪ್ಪತ್ತೈದು ವರ್ಷದಲ್ಲಿ ಆಡದ ಮಾತನ್ನು ಆಡಿದೆ. ಕೊಳವೆ ಉಗಿದು, ಹವಳ, ಆಮೆ, ಹನ್ನೊಂದು ಸಹಪ್ರಯಾಣಿಕರು, ಒಂದು ಕ್ಯಾಮೆರಾ ಇವಿಷ್ಟರ ಸಾಕ್ಷಿಯಾಗಿ ಕಿರುಚಿದೆ: "ನನಗೆ ಈಜು ಬರಲ್ಲಾ ಕಣೇ!"

ಸೀಟಿ ಮೇಡಂ ಒಂದಿಷ್ಟೂ ಗಡಿಬಿಡಿಯಿಲ್ಲದೆ ಈಜಿ ಬಂದರು. ಅವರ ಸೊಂಟದ ಹಗ್ಗದ ತುದಿಯಲ್ಲಿ, ಹೊಟ್ಟೆ ತುಂಬ ಗಾಳಿ ತುಂಬಿಸಿಕೊಂಡು, ರೆಪ್ಪೆ ಅಗಲಿಸಿ, ನನ್ನ ಬಾತುಕೋಳಿ ತೇಲುತ್ತಿತ್ತು. ಬೆಳಗಿನಿಂದಲೇ ಸಿದ್ಧವಾಗಿ ಕಾದಿದ್ದಂತಿತ್ತು.

ಮೂರರಿಂದ ಆರು ವರ್ಷದವರದ್ದು ಐವತ್ತೆರಡರವನ ಸೊಂಟಕ್ಕೆ ಇಳಿಯಲಿಲ್ಲ, ಕಂಕುಳಲ್ಲೇ ಸಿಕ್ಕಿಕೊಂಡಿತು. ಕೊಕ್ಕು ನನ್ನ ಗದ್ದಕ್ಕೆ ತಗುಲಿ ಕೂತಿತು. ಹಾಗೆ ಮುಖಾಮುಖಿಯಾಗಿ ನಾವಿಬ್ಬರೂ ಹವಳದ ತೋಟವನ್ನೆಲ್ಲ ಒಂದು ಸುತ್ತು ಎಳೆಸಿಕೊಂಡು ಬಂದೆವು. ನಡುವೆ ಒಮ್ಮೆ ಎದುರಲ್ಲಿ ದುಂಡನೆ, ನುಣ್ಣನೆ, ಕಂದು ಬಣ್ಣದ ಬೆನ್ನೊಂದು ಕಂಡು, ಸಂತೋಷ ತಡೆಯದೆ "ಆಮೆ! ಆಮೆ!" ಎಂದು ಕೂಗಿದೆ. ಆಮೆ ತಿರುಗಿ, "ಭಾವಾ, ಅದು ನನ್ನ ತಲೆ," ಎಂದಿತು.

ಮೂರನೆಯ ದಿನ ದೋಣಿಕಟ್ಟೆಗೆ ಮರಳಿದೆವು. ತಂದದ್ದೆಲ್ಲ ವಾಪಸ್ಸು ಬಂದಿದೆಯೇ ಎಂದು ಮತ್ತೆ ಅದೇ ಮೇಜು, ಅದೇ ದಫ್ತರ. ಮೇಡಂ "ಬಾತುಕೋಳಿ, ಒಂದು" ಎಂದು ಗುರುತು ಹಾಕುವಾಗ ದಫ್ತರಕ್ಕೆ ಪಿನ್ನು ಚುಚ್ಚಿದ್ದ ನಮ್ಮ ಅರ್ಜಿ ನನ್ನ ಕಣ್ಣಿಗೆ ಬಿತ್ತು. ಈ ಸಲ ಕನ್ನಡಕ ಹಾಕಿದ್ದೆ. ನನ್ನ ಹೆಸರಿನ ಮುಂದೆ, 'ವಿಶೇಷ ಸೂಚನೆ' ಎಂಬಲ್ಲಿ, ಕರಿಹಲಗೆಯ ಮೇಲೆ ಬರೆದಷ್ಟು ದುಂಡನೆಯ ಅಕ್ಷರ:

"ಇವರಿಗೆ ಈಜು ಬರುವುದಿಲ್ಲ. ಇದು ನಮಗೆ ಗೊತ್ತಿರುವುದು ಇವರಿಗೆ ಗೊತ್ತಿಲ್ಲ. ದಯವಿಟ್ಟು ಕಣ್ಣಿಟ್ಟಿರಿ."

ತಾರೀಖು ಎರಡು ತಿಂಗಳ ಹಿಂದಿನದು. ಬಕೆಟ್ಟಿಗೂ ಮುಂಚಿನದು.

ಹೆಂಡತಿ ಕಟ್ಟೆಯ ಮೇಲೆ ಕೂತು ಒದ್ದೆ ಟವೆಲ್ಲು ಹಿಂಡುತ್ತಿದ್ದಳು. ಬಾತುಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು ಅವಳ ಎದುರು ನಿಂತೆ.

"ಯಾವಾಗಿಂದ ಗೊತ್ತು ನಿನಗೆ?"

"ಮದುವೆಯಾದ ಎಂಟನೇ ದಿನದಿಂದ. ಬಚ್ಚಲಲ್ಲಿ ಜಾರಿ ಬಿದ್ದು, ತೊಟ್ಟಿ ನೀರಲ್ಲಿ 'ಮುಳುಗಿದೆ, ಮುಳುಗಿದೆ' ಅಂತ ಕೂಗಿದ್ರಲ್ಲ? ನೀರು ಮೊಣಕಾಲವರೆಗಿತ್ತು."

"ಅಂದ್ರೆ ಇಪ್ಪತ್ತೈದು ವರ್ಷ! ಗೊತ್ತಿದ್ದೂ ಗೊತ್ತಿದ್ದೂ ಒಂದು ಮಾತಾದ್ರೂ ಕೇಳಲಿಲ್ಲವಲ್ಲೇ, ಯಾಕೆ?"

ಅವಳು ಟವೆಲ್ಲನ್ನು ಒಮ್ಮೆ ಜಾಡಿಸಿ, ನನ್ನ ಕಡೆ ನೋಡದೆಯೇ ಹೇಳಿದಳು:

"ಬಂಡೆ ಸಂದೀಲಿರೋ ಆಕ್ಟೋಪಸ್ಸನ್ನ ಕೆದಕಬಾರದು ಅಂತ ಮೇಡಂ ಹೇಳಲಿಲ್ವಾ?"