ಲೈನ್ ಕ್ಲಿಯರ್ ಕೊಡದ ಕನ್ನಡಕ

"ಪಂಕಜಾ, ಒಂದ್ನಿಮಿಷ ಕಣ್ಣು ಮುಚ್ಚು!" ಎಂದರು ಭಾವ.

"ಕಣ್ಣಿನಂಗಡೀಲಿ ನಿಂತ್ಕೊಂಡು ಕಣ್ಣು ಮುಚ್ಚು ಅಂತೀರಲ್ಲ, ಶಕುನ ಚೆನ್ನಾಗಿದೆ!" ಎಂದೆ. ಆದರೂ ಮುಚ್ಚಿದೆ. ತೆರೆದಾಗ ಮೇಜಿನ ಮೇಲೆ ನನ್ನ ಟ್ರಯಲ್ ಫ್ರೇಮ್ ಇತ್ತು. ಕಣ್ಣು ಪರೀಕ್ಷಿಸುವಾಗ ಗಾಜು ಬದಲಿಸುತ್ತಾ "ಈಗ ಕಾಣುತ್ತಾ? ಈಗ?" ಎಂದು ಕೇಳುತ್ತಾರಲ್ಲ, ಆ ದಪ್ಪ ದುಂಡು ಕನ್ನಡಕ. ಅದರ ಹಣೆಗೆ ಈಗ ಒಂದು ಮೊಬೈಲ್ ಅಂಟಿತ್ತು. ಎಡಗಿವಿಗೆ ಕೆಂಪು ದೀಪ, ಬಲಗಿವಿಗೆ ಹಸಿರು ದೀಪ, ತಲೆಯ ಹಿಂದೆ ಉಕ್ಕಿನ ಕೊಂಡಿ!

"ನೇತ್ರಗುರು!" ಎಂದು ಭಾವ ಎದೆಯುಬ್ಬಿಸಿದರು. "ಪ್ರಪಂಚದಲ್ಲಿ ಕಣ್ಣಿನ ವಿದ್ಯೆ ಅಂತ ಇಂಟರ್ನೆಟ್ಟಲ್ಲಿ ಏನೇನಿದೆಯೋ ಎಲ್ಲಾ ಇದರೊಳಗಿದೆ. ವಿಡಿಯೊ ಪಾಠ, ರೆಟಿನಾ ಚಿತ್ರ, ಡಾಕ್ಟರುಗಳ ಚರ್ಚೆ, ಪ್ರಶ್ನೆಬ್ಯಾಂಕು. ತಾನೇ ಹುಡುಕತ್ತೆ, ತಾನೇ ಕನ್ನಡಕ್ಕೆ ತಿರುಗಿಸತ್ತೆ, ತಾನೇ ಪರೀಕ್ಷೆ ಮಾಡತ್ತೆ! ಬುಧವಾರ ಆ ಡಾಕ್ಟರು ಬರಲಿ, ನೋಡೇಬಿಡೋಣ!"

ನನ್ನ ಗಂಡನ ಅಣ್ಣ ಶಂಭುಲಿಂಗಪ್ಪನವರು ಅರಸೀಕೆರೆ ಜಂಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಸಿಗ್ನಲ್ ರಿಪೇರಿ ಮಾಡಿ ನಿವೃತ್ತರಾದವರು. ನಿವೃತ್ತಿ ರೈಲ್ವೆಯಿಂದ ಮಾತ್ರ, ರಿಪೇರಿಯಿಂದಲ್ಲ. ಹೋದ ವರ್ಷ ಬಚ್ಚಲುಮನೆ ಬಾಗಿಲಿಗೆ ಅವರು ಸಿಗ್ನಲ್ ಹಾಕಿ, ನಮ್ಮ ಬೀಗರು ಒಂದು ಮಧ್ಯಾಹ್ನ ಪೂರ್ತಿ ಒಳಗೇ ಕಳೆದಿದ್ದರು.

ಆದರೂ ನಾನು ಬೇಡ ಎನ್ನಲಿಲ್ಲ. ಕಾರಣವಿತ್ತು. ನಮ್ಮವರು ತೀರಿಕೊಂಡು ಆರು ವರ್ಷ. ಅಂಗಡಿ ನನ್ನದೇ, ಆದರೆ ಕಣ್ಣು ಪರೀಕ್ಷಿಸಲು ನನಗೆ ಡಿಪ್ಲೊಮಾ ಇರಲಿಲ್ಲ. ನಲವತ್ತೆಂಟನೇ ವಯಸ್ಸಿನಲ್ಲಿ ಅಂಚೆ ಶಿಕ್ಷಣಕ್ಕೆ ಸೇರಿದೆ. ಹತ್ತಿರದಲ್ಲಿ ಕಾಲೇಜಿಲ್ಲ, ಹೇಳಿಕೊಡುವವರಿಲ್ಲ. ಮೊಬೈಲಿನಲ್ಲಿ ಪಾಠ ನೋಡಿ ನೋಡಿ ಬರವಣಿಗೆಯ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿಕೊಂಡೆ. ಪ್ರಾಕ್ಟಿಕಲ್‌ಗೆ ಡಾಕ್ಟರ್ ನಂಜುಂಡಾರಾಧ್ಯರು ಅಂಗಡಿಗೇ ಬಂದರು. "ದೂರದ್ದು ಕಾಣದ ಮಗುವಿಗೆ ಕನ್ನಡಕ ಹೇಗೆ ಕೊಡ್ತೀರಿ?" ಎಂದರು. "ಪೂರ್ತಿ ಪವರ್ ಕೊಡ್ತೀನಿ ಸಾರ್. ದಿನಾ ಹೊರಗೆ ಬೆಳಕಲ್ಲಿ ಆಡಿಸಿ ಅಂತೀನಿ" ಎಂದೆ. "ತಪ್ಪು! ಪವರ್ ಕಮ್ಮಿ ಕೊಡಬೇಕು. ಇಲ್ಲದಿದ್ರೆ ಕಣ್ಣು ಅದಕ್ಕೇ ಒಗ್ಗಿ ನಂಬರ್ ಏರತ್ತೆ. ಇದೆಲ್ಲ ನಿಮ್ಮ ಮೊಬೈಲ್ ಜ್ಞಾನ. ಮುಂದಿನ ಸಲ ಚೆನ್ನಾಗಿ ಓದ್ಕೊಂಡು ಬನ್ನಿ" ಎಂದು ಫೇಲು ಮಾಡಿ ರೈಲು ಹತ್ತಿದರು.

ನನ್ನ ಉತ್ತರ ಸರಿಯಿತ್ತು! ಹೊಸ ಸಂಶೋಧನೆಗಳನ್ನು ಕಣ್ಣಾರೆ ಓದಿದ್ದೆ. ಅಂದೇ ಪೇಂಟರನನ್ನು ಕರೆಸಿ, ಅಂಗಡಿಯ ಬೋರ್ಡಿನಲ್ಲಿ "ಇಲ್ಲಿ ಕಣ್ಣು ಪರೀಕ್ಷಿಸಲಾಗುವುದು" ಎಂದು ದಪ್ಪಕ್ಷರದಲ್ಲಿ ಬರೆಸಿದೆ. ಕಾನೂನಿಗೆ ಮರ್ಯಾದೆ ಕೊಟ್ಟು ಆ ಸಾಲಿನ ಮೇಲೆ ವೃತ್ತಪತ್ರಿಕೆ ಅಂಟಿಸಿದೆ. ಪಾಸಾದ ದಿನ ಹರಿಯುವುದು ಎಂದು ಹಟ.

ಸರಿ, ನೇತ್ರಗುರುವನ್ನು ಹಾಕಿಕೊಂಡೆ. ಹಿಂದೆ ಕೊಂಡಿ ಟಕ್ಕೆಂದಿತು. ಕೆಂಪು ದೀಪ ಹತ್ತಿತು.

"ವಿದ್ಯಾರ್ಥಿಗಳ ದಯವಿಟ್ಟು ಗಮನಕ್ಕೆ!" ಎಂದು ಯಂತ್ರ ರೈಲ್ವೆ ಸ್ಟೇಷನ್ನಿನ ದನಿಯಲ್ಲಿ ಕೂಗಿತು. "ಮೊದಲನೇ ಪಾಠವು ಕೆಲವೇ ಕ್ಷಣಗಳಲ್ಲಿ ಹೊರಡಲಿದೆ!"

ಪಾಠ ಚೆನ್ನಾಗಿತ್ತು. ಕೊನೆಯ ಪ್ರಶ್ನೆಗೆ ಅವಸರದಲ್ಲಿ ತಪ್ಪು ಹೇಳಿದೆ. ಪಾಠ ಮತ್ತೆ ಮೊದಲಿನಿಂದ ಹೊರಟಿತು.

"ಒಳಗೆ ಅಡುಗೆಮನೇಲಿ ಒಲೆ ಮೇಲೆ ಬೇಳೆ ಇದೆ ಭಾವ, ಬಿಚ್ಚಿ!"

"ಬಿಚ್ಚೋಕಾಗಲ್ಲ. ಒಂದು ರೈಲು ಮುಂದಿನ ಸ್ಟೇಷನ್ ಮುಟ್ಟೋವರೆಗೂ ಇನ್ನೊಂದಕ್ಕೆ ಲೈನ್ ಕ್ಲಿಯರ್ ಕೊಡ್ತಾರಾ? ಹಂಗೇ ಇದು. ಪಾಠ ತಲೆ ಮುಟ್ಟಬೇಕು, ಹಸಿರು ಬೀಳಬೇಕು, ಆಮೇಲೆ ಕೊಂಡಿ!"

"ಹೋಗ್ಲಿ, ತಂತಿ ಕತ್ತರಿಸಿ!"

"ಕತ್ತರಿಸಿದ್ರೆ ಶಾಶ್ವತವಾಗಿ ಕೆಂಪು! ಸಿಗ್ನಲ್ ತಂತಿ ತುಂಡಾದ್ರೆ ಕಂಬದ ಕೈ ತಾನಾಗೇ ಡೇಂಜರಿಗೆ, ಅಂದ್ರೆ ನಿಲ್ಲು ಅನ್ನೋ ಕಡೆಗೆ, ಬರಬೇಕು. ಅದೇ ನಿಯಮ. ನನ್ನ ಲೈನಲ್ಲಿ ಮೂವತ್ನಾಲ್ಕು ವರ್ಷ ಒಂದೂ ಅಪಘಾತ ಆಗಿಲ್ಲ!"

"ಈಗ ಆಗತ್ತೆ ನೋಡ್ತಿರಿ!" ಎಂದು ಸೌಟು ಎತ್ತಿದೆ. ಕೊನೆಗೂ ಹಸಿರು ಬಿತ್ತು. "ಅಬ್ಬ" ಎಂದು ಸೆರಗಿನಿಂದ ಬೆವರೊರೆಸಿಕೊಳ್ಳುವಷ್ಟರಲ್ಲಿ ಮತ್ತೆ ಟಕ್! "ಎರಡನೇ ಪಾಠವು ಹೊರಡಲಿದೆ!"

"ಹಸಿರು ಬಿದ್ದ ಒಂದು ನಿಮಿಷದೊಳಗೆ ತೆಗೀಬೇಕಮ್ಮ. ಲೈನ್ ಖಾಲಿ ಬಿಡೋಕಾಗತ್ತಾ?" ಎಂದರು ಭಾವ, ಬಾಗಿಲಾಚೆಯಿಂದ.

ಬೇಳೆ ಸೀದು ಕರಕಲಾಯಿತು. ಆದರೆ ಅಕ್ಷರದ ಗೆರೆ ಒಂದು ದಿಕ್ಕಿಗೆ ಮಾತ್ರ ಮಸುಕಾಗುವವರಿಗೆ ಹಾಕುವ ಸಿಲಿಂಡರ್ ಗಾಜಿನ ಕೋನ ಹಿಡಿಯುವುದು, ನನಗೆ ಎರಡು ವರ್ಷದಿಂದ ಬಗ್ಗದಿದ್ದದ್ದು, ಆ ದಿನ ತಲೆಗೆ ಹತ್ತಿತು. ಬೈದುಕೊಂಡೇ ಮೂರು ದಿನದಲ್ಲಿ ಅದರೊಳಗಿದ್ದ ಎಪ್ಪತ್ತೆರಡು ಪಾಠಗಳನ್ನೂ ಮುಗಿಸಿದೆ.

ಮಂಗಳವಾರ ನಾನು ಲೆನ್ಸ್ ಪಾರ್ಸೆಲ್ ತರಲು ಬಸ್‌ಸ್ಟ್ಯಾಂಡಿಗೆ ಹೋಗಿದ್ದೆ. ಅದೇ ಹೊತ್ತಿಗೆ ಕೊಬ್ಬರಿ ಮಂಡಿಯ ಮರುಳಸಿದ್ದಪ್ಪನವರು ಓದುವ ಕನ್ನಡಕ ಕೇಳಿಕೊಂಡು ಬಂದರು. ಭಾವನಿಗೆ ಉಪಕಾರಬುದ್ಧಿ ಉಕ್ಕಿತು. "ಕೂತ್ಕಳಿ ಯಜಮಾನ್ರೆ" ಎಂದು ನೇತ್ರಗುರುವನ್ನು ಅವರ ಮೂಗಿಗೇರಿಸಿದರು. ಟಕ್!

ನಾನು ಬಂದಾಗ ಯಜಮಾನರು ಕುರ್ಚಿಯ ಮೇಲೆ ಕುಣಿಯುತ್ತಿದ್ದರು.

"ಬಣ್ಣ ಗುರುತಿಸೋ ಕೋಶ ಯಾವ್ದು ಅಂತ ಕೇಳ್ತೈತಲ್ಲಮ್ಮ ಇದು! ನಂಗ್ಯಾಕೆ? ನಂಗೆ ಪೇಪರ್ ಓದಕ್ಕೆ ಕನ್ನಡಕ ಬೇಕು, ಪರೀಕ್ಷೆ ಬೇಡ! ಅಲ್ಲಿ ಹರಾಜು ಶುರುವಾಗೈತೆ!"

ಉತ್ತರ ಹೇಳಿಕೊಡಲು ನಾನು ಬಾಯಿ ತೆರೆಯುವ ಮೊದಲೇ ಅವರು ಕನ್ನಡಕದ ಸಮೇತ ಮಂಡಿಗೆ ಓಡಿದರು. ಅಲ್ಲಿ ಹರಾಜು ಕೂಗುವವನಿಗಿಂತ ನೇತ್ರಗುರುವಿನ ದನಿಯೇ ದೊಡ್ಡದಾಯಿತು. ಹರಾಜು ನಿಂತಿತು, ಪಾಠ ನಡೆಯಿತು. ನಾಲ್ಕನೆಯ ಸಲ ಇಡೀ ಮಂಡಿ ಒಕ್ಕೊರಲಿನಿಂದ "ಶಂಕು ಕೋಶ!" ಎಂದು ಕೂಗಿದಾಗ ಹಸಿರು ಬಿತ್ತು. ಸಂಜೆಯ ಹೊತ್ತಿಗೆ ವ್ಯಾಪಾರಿಗಳು ಕೊಬ್ಬರಿ ಬಿಟ್ಟು ಒಬ್ಬರ ರೆಪ್ಪೆ ಒಬ್ಬರು ಮಗುಚಿ ನೋಡುತ್ತಿದ್ದರಂತೆ. ಇಬ್ಬರಿಗೆ ಪೊರೆ ಬಂದಿರುವುದು ಅಲ್ಲೇ ಪತ್ತೆಯಾಯಿತು.

ಬುಧವಾರ ಡಾಕ್ಟರ್ ನಂಜುಂಡಾರಾಧ್ಯರು ಬಂದರು. ಬಂದವರು ಮೊದಲು ಬೋರ್ಡಿನ ಪೇಪರ್ ನೋಡಿ ನಕ್ಕರು.

"ಇನ್ನೂ ಆನ್‌ಲೈನ್ ಪಾಠಾನೇನಾ? ಅದು ಹಾಸಿಗೆ ಮೇಲೆ ಮಲಗಿ ಈಜು ಕಲಿತ ಹಾಗೆ. ಸರಿ, ಇವತ್ತು ರೋಗಿ ನಾನೇ. ನನ್ನ ಕಣ್ಣು ಪರೀಕ್ಷೆ ಮಾಡಿ ತೋರಿಸಿ" ಎನ್ನುತ್ತಾ ಕುರ್ಚಿಯಲ್ಲಿ ಕೂತು, ತಮ್ಮ ಕನ್ನಡಕ ತೆಗೆದಿಟ್ಟು, ನೇತ್ರಗುರುವಿಗೆ ಕೈ ಹಾಕಿದರು.

"ಸಾರ್, ಅದು ಬೇಡ! ಬೇರೆ ಫ್ರೇಮ್ ಇದೆ!"

"ಪರೀಕ್ಷಕರಿಗೇ ಪಾಠ ಹೇಳ್ತೀರಾ?"

ಟಕ್! ನಾನು ಹೇಳಲಿಲ್ಲ, ಅದೇ ಹೇಳತೊಡಗಿತು. ನಂತರ ಪ್ರಶ್ನೆ ಬಂತು: "ದೂರದ್ದು ಕಾಣದ ಮಗುವಿಗೆ ಕನ್ನಡಕ ಹೇಗೆ ಕೊಡುವಿರಿ?"

ನನ್ನನ್ನು ಫೇಲು ಮಾಡಿಸಿದ ಅದೇ ಪ್ರಶ್ನೆ! ಡಾಕ್ಟರು ಪಾಠಕ್ಕೆ ಕಿವಿಯನ್ನೇ ಕೊಟ್ಟಿರಲಿಲ್ಲ. "ಪವರ್ ಕಮ್ಮಿ!" ಎಂದರು. ಕೆಂಪು. ಮತ್ತೆ ಪಾಠ, ಮತ್ತೆ "ಕಮ್ಮಿ!" ಮತ್ತೆ ಕೆಂಪು. ಐದು ಸಲ! ಅವರ ಮುಖ ದೀಪಕ್ಕಿಂತ ಕೆಂಪಾಯಿತು.

"ಮೂರೂ ನಲವತ್ತಕ್ಕೆ ನನ್ನ ರೈಲು! ತೆಗೀರಿ ಇದನ್ನ!"

ಭಾವ ನನ್ನ ಕಿವಿಯಲ್ಲಿ ಗೋಗರೆದರು. "ಪಂಕಜಾ, ತಪ್ಪಾಯ್ತು ಅನ್ನಮ್ಮ, ಕಾಲಿಗೆ ಬೀಳು ಬೇಕಾದ್ರೆ! ಈ ಸಲಾನೂ ಫೇಲಾದ್ರೆ ಮತ್ತೆ ಪರೀಕ್ಷೆ ಇಲ್ಲ!"

"ಯಾಕೆ ತಪ್ಪಾಯ್ತು ಅನ್ಲಿ? ನಂದು ಯಾವ ತಪ್ಪೂ ಇಲ್ಲ!" ಎಂದು ಗಟ್ಟಿಯಾಗಿಯೇ ಹೇಳಿದೆ. ಹೆದರಿ ಒಪ್ಪಿಕೊಂಡರೆ ಇಷ್ಟು ವರ್ಷದ ಓದು ಮಣ್ಣುಪಾಲು. ಲೆನ್ಸ್ ಪೆಟ್ಟಿಗೆ ತೆರೆದೆ. "ಸಾರ್, ಫ್ರೇಮ್ ಹೇಗೂ ಹಾಕ್ಕೊಂಡಿದೀರಿ. ಪ್ರಾಕ್ಟಿಕಲ್ ಶುರು ಮಾಡ್ತೀನಿ. ರೈಲು ನೀವು ತಪ್ಪಿಸ್ಕೋಬಹುದು, ನಾನು ಪರೀಕ್ಷೆ ತಪ್ಪಿಸ್ಕೊಳ್ಳಲ್ಲ."

ಅವರು ಕುರ್ಚಿಗೆ ಒರಗಿದರು. ಗಾಜು ಹಾಕಿದೆ, ತೆಗೆದೆ, ಕೋನ ತಿರುಗಿಸಿದೆ. "ಈಗ? ಈಗ?" ಬಲಗಣ್ಣು, ಎಡಗಣ್ಣು. ಅವರ ಸ್ವಂತ ಕನ್ನಡಕದ ನಂಬರನ್ನೂ ಅಳೆದೆ. ನನಗೇ ನಂಬಲಾಗಲಿಲ್ಲ.

"ಸಾರ್, ನಿಮ್ಮ ಕನ್ನಡಕದ ಪವರ್ ಒಂದೂಕಾಲು ಕಮ್ಮಿ ಇದೆ. ಯಾರು ಕೊಟ್ಟಿದ್ದು?"

"ನಾನೇ" ಎಂದರು ಮೆಲ್ಲಗೆ. "ಚಿಕ್ಕಂದಿನಲ್ಲಿ ನಮ್ಮ ಮೇಷ್ಟ್ರು ಕಮ್ಮಿ ಕೊಟ್ಟಿದ್ರು. ಆಮೇಲೆ ನಾನೇ ಕಮ್ಮಿ ಹಾಕ್ಕೊಂಡು ಬಂದೆ. ನಂಬರ್ ಏರದಿರಲಿ ಅಂತ."

"ಏರಲಿಲ್ವಾ?"

ಅವರು ತಮ್ಮ ಹಳೇ ಕನ್ನಡಕವನ್ನು ಮೇಜಿನಾಚೆಗೆ ತಳ್ಳಿದರು. ಕೊನೆಯ ಗಾಜು ಹಾಕಿ ಅವರನ್ನು ಬಾಗಿಲ ಕಡೆಗೆ ತಿರುಗಿಸಿದೆ. ರಸ್ತೆಯಾಚೆ ಸ್ಟೇಷನ್ನು, ಅದರ ಹಳದಿ ಬೋರ್ಡು.

ಡಾಕ್ಟರು ಕತ್ತು ಚಾಚಿ ನೋಡಿದರು. "ಅರಸೀಕೆರೆ ಅನ್ನೋದರ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಎಷ್ಟು ಅಂತಾನೂ ಬರೆದಿದೆಯಲ್ರೀ! ಮೂವತ್ತು ವರ್ಷದಿಂದ ಈ ಸ್ಟೇಷನ್ನಲ್ಲಿ ಇಳೀತಿದೀನಿ..." ಎನ್ನುತ್ತಾ ಅದನ್ನು ಇನ್ನೊಮ್ಮೆ ಓದಿದರು. ಪಾಪ ಎನಿಸಿತು. ಆದರೂ ನಾನು ಯಂತ್ರದ ಪ್ರಶ್ನೆಗೆ ಉತ್ತರ ಹೇಳಿಕೊಡಲಿಲ್ಲ.

ಯಂತ್ರ ಮತ್ತೆ ಕೇಳಿತು. ಅವರು ನನ್ನ ಮುಖ ನೋಡಿ ಹೇಳಿದರು: "ಪೂರ್ತಿ ಪವರ್. ದಿನಾ ಹೊರಗೆ ಬೆಳಕಲ್ಲಿ ಆಟ."

ಹಸಿರು!

ಜೇಬಿನಿಂದ ಪೆನ್ನು ತೆಗೆದು ನನ್ನ ಅಂಕಪಟ್ಟಿಗೆ "ಉತ್ತೀರ್ಣ" ಎಂದು ಬರೆದು ಸಹಿ ಹಾಕಿದರು. ಆಮೇಲೆ ಮತ್ತೆ ಸ್ಟೇಷನ್ನಿನ ಬೋರ್ಡು ನೋಡುತ್ತಾ ನಿಂತರು.

"ಸಾರ್, ಒಂದು ನಿಮಿಷ ಆಗ್ತಾ ಬಂತು, ತೆಗೀರಿ, ತೆಗೀರಿ!" ಎಂದು ಭಾವನೂ ನಾನೂ ಒಟ್ಟಿಗೇ ಕಿರುಚಿದೆವು.

ಟಕ್! "ವಿದ್ಯಾರ್ಥಿಗಳ ದಯವಿಟ್ಟು ಗಮನಕ್ಕೆ!"

ಅಷ್ಟರಲ್ಲಿ ರೈಲು ಕೂಗಿತು. ಅವರು ನೇತ್ರಗುರುವಿನ ಸಮೇತ ಓಡಿ ಹತ್ತಿದರು. ಕಿವಿಯ ಕೆಂಪು ದೀಪ ನೋಡಿ ಗಾರ್ಡು ಬಾವುಟ ಕೆಳಗಿಳಿಸಿದ್ದರಿಂದ ರೈಲು ಹದಿನೈದು ನಿಮಿಷ ಹೊರಡಲಿಲ್ಲ. ಭಾವನ ಲೈನಿನಲ್ಲಿ ಆದ ಮೊದಲ ತಡೆ ಅದು. ಅವರು ಎರಡು ದಿನ ಊಟ ಮಾಡಲಿಲ್ಲ.

ನಾನು ಏಣಿ ಹಾಕಿ ಅಂಗಡಿ ಬೋರ್ಡಿನ ಪೇಪರ್ ಪರಪರನೆ ಹರಿದೆ.

ಮೊನ್ನೆ ಡಾಕ್ಟರು ಫೋನ್ ಮಾಡಿದ್ದರು. ಪ್ರತಿಸಲ ಹಸಿರು ಬಿದ್ದಾಗಲೂ ಮರದ ಎಲೆಯೋ ದೂರದ ಬೆಟ್ಟವೋ ಕಣ್ಣಿಗೆ ಬಿದ್ದು, ನೋಡುತ್ತಾ ನಿಂತುಬಿಡುತ್ತಾರಂತೆ. ಈಗ ನಲವತ್ತೊಂದನೇ ಪಾಠ. ಒಂದು ಪ್ರಶ್ನೆಗೆ ಉತ್ತರ ಹೊಳೆಯುತ್ತಿಲ್ಲ, ಮಗಳ ಮದುವೆ ಬೇರೆ ಹತ್ತಿರ ಬಂತು, ಸ್ವಲ್ಪ ಹೇಳಿಕೊಡಿ ಎಂದರು.

"ಚೆನ್ನಾಗಿ ಓದ್ಕೊಳ್ಳಿ ಸಾರ್" ಎಂದು ಫೋನ್ ಇಟ್ಟೆ. ಅಂಗಡಿಯಲ್ಲಿ ನಾಲ್ಕು ಜನ ಕಣ್ಣು ತೋರಿಸಲು ಕಾಯುತ್ತಿದ್ದರು.