ಸತುವಿನ ಪುಡಿ, ತುಕ್ಕಿನ ಪುಡಿ ಮತ್ತು ನಮ್ಮ ಶಿಡ್ಲಘಟ್ಟದ ಹುಡುಗಿ

ನ್ಯಾನೋ ಕಣಗಳು ಕಣ್ಣಿಗೆ ಕಾಣುವುದಿಲ್ಲ. ಅವುಗಳಿಂದಾಗುವ ಫಜೀತಿ ಮಾತ್ರ ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೂ ಕಾಣುತ್ತದೆ, ಅದೂ ತಿಂಗಳಿಗೊಂದು ಸಲವಾದರೂ. ನಾನು ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ನನ್ನ ಹತ್ತಿರ ಪಿಎಚ್‌ಡಿ ಮಾಡುವ ಹುಡುಗಿ ಶಿಡ್ಲಘಟ್ಟದವಳು. ಸತು, ಕಬ್ಬಿಣದಂಥ ಲೋಹಗಳ ಆಕ್ಸೈಡನ್ನು ಅತಿ ನುಣ್ಣನೆಯ ಪುಡಿಯಾಗಿ ತಯಾರಿಸುವುದು, ತಯಾರಿಸುವ ರೀತಿ ಬದಲಾದರೆ ಪುಡಿಯ ಗುಣ ಹೇಗೆ ಬದಲಾಗುತ್ತದೆ ಅಂತ ನೋಡುವುದು, ಇದು ಅವಳ ಕೆಲಸ. ಪುಡಿಯ ಗುಣ ಹಾಗಿರಲಿ, ನಮ್ಮೆಲ್ಲರ ಗುಣವೇ ಬದಲಾಗಿದೆ.

ನಂದಿಯ ದ್ರಾಕ್ಷಿ

ಸತುವಿನ ನೈಟ್ರೇಟಿಗೆ ಹಣ್ಣಿನ ರಸ ಬೆರೆಸಿ ಕುಲುಮೆಗಿಟ್ಟರೆ, ರಸದ ಸಕ್ಕರೆ ಭಗ್ಗನೆ ಉರಿದು ಹಗುರವಾದ ಪುಡಿ ಉಳಿಯುತ್ತದೆ. ರಸ ಕಮ್ಮಿಯಾದರೆ ಗಂಟುಗಂಟು, ಹದವಾದರೆ ಹತ್ತಿಯಂತೆ. ಹುಡುಗಿ ನಂದಿಯ ಒಂದು ತೋಟಕ್ಕೆ ಹೋಗಿ, "ತುಂಬಾ ಸಿಹಿ ಇರೋ ದ್ರಾಕ್ಷಿ ಬೇಕು ಅಂಕಲ್, ಕಾಲೇಜಲ್ಲಿ ಟೆಸ್ಟ್ ಮಾಡ್ಬೇಕು" ಅಂದಳು. ತೋಟದ ಯಜಮಾನರು ಹಿಗ್ಗಿ, ತಾವೇ ಆರಿಸಿ ಗೊಂಚಲು ಕೊಯ್ದು ಕೊಟ್ಟರು.

ವಾರ ಕಳೆದ ಮೇಲೆ ನನಗೇ ಫೋನು. "ಮೇಡಂ, ಹೆಂಗಿತ್ತು ನಮ್ ಹಣ್ಣು?"

ನಾನೂ ಉತ್ಸಾಹದಲ್ಲಿ, "ಅದ್ಭುತ! ಐನೂರು ಡಿಗ್ರೀಲಿ ಸುಟ್ವಿ, ಒಂಚೂರೂ ಉಳೀಲಿಲ್ಲ!" ಅಂದೆ.

ಯಜಮಾನರು ನೊಂದುಕೊಂಡು, "ಸುಡೋದಕ್ಕೆ ನಮ್ಮದೇ ಯಾಕಮ್ಮ ಬೇಕಿತ್ತು? ಪಕ್ಕದ ತೋಟದೋನದು ಇತ್ತಲ್ಲ!"

ಹಳದಿ, ಬಿಳಿ

ಒಂದು ಮಧ್ಯಾಹ್ನ ಹುಡುಗಿ ಫೋನಿನಲ್ಲೇ ಅತ್ತಳು. "ಮೇಡಂ, ಕೆಟ್ಟೋಯ್ತು. ಪುಡಿಯೆಲ್ಲ ಹಳದಿಯಾಗಿದೆ." ಪಾಠ ಬಿಟ್ಟು ಓಡಿದೆ. ಹೋಗಿ ನೋಡಿದರೆ ಬೆಳ್ಳಗೆ ಕೂತಿದೆ ಪುಡಿ. ಪಕ್ಕದಲ್ಲಿ ಹುಡುಗಿ, "ದೇವರಾಣೆ ಹಳದಿ ಇತ್ತು ಮೇಡಂ" ಅಂತ ಇನ್ನೂ ಮೂಗು ಒರೆಸಿಕೊಳ್ಳುತ್ತಿದ್ದಾಳೆ.

"ಸತುವಿನ ಆಕ್ಸೈಡೇ ಹಂಗೆ ಕಣೇ. ಬಿಸಿಯಿದ್ದಾಗ ಹಳದಿ, ತಣ್ಣಗಾದ್ರೆ ಬಿಳಿ. ಬಿಸಿ ಇಳಿಯೋವರೆಗೂ ಹತ್ರ ಹೋಗ್ಬೇಡ, ಏನೂ ತೀರ್ಮಾನ ಮಾಡ್ಬೇಡ" ಅಂದೆ.

"ಗೊತ್ತು ಮೇಡಂ. ನೀವು ಬೈಯಕ್ಕೆ ಶುರು ಮಾಡಿದಾಗೆಲ್ಲ ನಾನು ಕ್ಯಾಂಟೀನಿಗೆ ಹೋಗಿ ಬರೋದು ಅದಕ್ಕೇ."

ಗೌರಿಬಿದನೂರಿನ ಬೀಗರು

ಹುಡುಗಿಯನ್ನು ನೋಡಲು ಗೌರಿಬಿದನೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ಅವಳ ತಾಯಿ ನನ್ನನ್ನೂ ಕರೆದಿದ್ದರು, ಮೇಡಂ ಇದ್ದರೆ ಮರ್ಯಾದೆ ಅಂತ. ಗಂಡಿನ ತಾಯಿ ತುಂಬಿದ ಮೈಯವರು, ಮಾತೂ ಧಾರಾಳ. ಬಜ್ಜಿ ತಿನ್ನುತ್ತಾ, "ಅದೇನೋ ಪುಡಿ ಮಾಡ್ತೀಯಂತಲ್ಲಮ್ಮ, ಏನು ವಿಶೇಷ ಅದರಲ್ಲಿ?" ಅಂದರು.

ನಮ್ಮ ಹುಡುಗಿಗೆ ಯಾರಾದರೂ ಇಷ್ಟು ಕೇಳಿದರೆ ಸಾಕು. "ಸಣ್ಣಗಿದ್ದಷ್ಟೂ ಒಳ್ಳೇದು ಆಂಟಿ. ಶಾಖಕ್ಕೆ ಜಾಸ್ತಿ ಹೊತ್ತು ಕೂತ್ರೆ ದಪ್ಪ ಆಗೋಗ್ತವೆ. ದಪ್ಪ ಆದ್ಮೇಲೆ ಏನೂ ಕೆಲಸ ಮಾಡಲ್ಲ."

ಆಕೆ ಬಜ್ಜಿಯನ್ನು ತಟ್ಟೆಗೆ ವಾಪಸ್ ಇಟ್ಟು ಮಗನ ಕಡೆ ತಿರುಗಿ ತೆಲುಗಿನಲ್ಲಿ, "ವಿನ್ನಾವಾ?" ಅಂದರು, ಕೇಳಿಸಿಕೊಂಡೆಯಾ ಅಂತ.

ಮಗನ ಗಮನ ಪೂರ್ತಿ ಹುಡುಗಿಯ ಮೇಲಿತ್ತು. "ಕರೆಕ್ಟಾಗಿ ಹೇಳಿದ್ರು ಅಮ್ಮ" ಅಂದ.

ಆ ಸಂಬಂಧ ಅಲ್ಲಿಗೇ ನಿಂತಿತು.

ಪೂಜೆಯ ದಿನ

ಆಮೇಲೆ ಕಬ್ಬಿಣದ ಆಕ್ಸೈಡ್ ಶುರುವಾಯಿತು. ಅದು ಶುದ್ಧವಾದ ತುಕ್ಕು, ಅಷ್ಟೇ. ಶಾಖ ಕಮ್ಮಿ ಕೊಟ್ಟರೆ ಕಣ ಸಣ್ಣದು, ಬಣ್ಣ ಕೆಂಪು ಕೆಂಪು. ಜಾಸ್ತಿ ಕೊಟ್ಟರೆ ಕಣ ದೊಡ್ಡದು, ಬಣ್ಣ ನೇರಳೆಗೆ ತಿರುಗುತ್ತದೆ. ಹುಡುಗಿ ಬೇರೆ ಬೇರೆ ಶಾಖದಲ್ಲಿ ತಯಾರಿಸಿ ಪುಟ್ಟ ಪುಟ್ಟ ಬಟ್ಟಲಲ್ಲಿಟ್ಟಿದ್ದಳು. ಬೆಳಗಾದರೆ ಬೆಂಗಳೂರಿನಲ್ಲಿ ಪುಡಿಗೆ ಎಕ್ಸ್‌ರೇ ಪರೀಕ್ಷೆ; ಪುಡಿಯಲ್ಲಿ ಏನೇನಿದೆಯೋ ಅದೆಲ್ಲ ಗ್ರಾಫಿನಲ್ಲಿ ಗೆರೆಯಾಗಿ ಏಳುತ್ತದೆ. ತಿಂಗಳುಗಟ್ಟಲೆ ಕಾದ ಮೇಲೆ ಸಿಕ್ಕಿದ್ದ ಸರದಿ.

ಅದರ ಹಿಂದಿನ ದಿನವೇ ಕಾಲೇಜಿನಲ್ಲಿ ಆಯುಧಪೂಜೆ. ಲ್ಯಾಬಿನ ಅಟೆಂಡರ್ ಅಕ್ಕ ಕುಲುಮೆಗೆ ಹೂವಿಟ್ಟು, ತಕ್ಕಡಿಗೆ ಕುಂಕುಮವಿಟ್ಟು, ಬಂದವರಿಗೆಲ್ಲ ಹಣೆಗೂ ಇಟ್ಟು ಪ್ರಸಾದ ಕೊಟ್ಟರು. ಎಲ್ಲ ಮುಗಿದ ಮೇಲೆ ಹುಡುಗಿ ಖಾಲಿ ಬಟ್ಟಲು ಹಿಡಿದು ಬಂದಳು, ಮುಖ ಬಿಳಿಚಿತ್ತು.

"ಕುಂಕುಮ ಸಾಲ್ಲಿಲ್ಲಮ್ಮ. ಈ ಬಟ್ಟಲಲ್ಲಿದ್ದದ್ದು ಒಳ್ಳೇ ಬಣ್ಣ ಇತ್ತು" ಅಂದರು ಅಕ್ಕ.

ಇನ್ನೊಂದು ಸಲ ತಯಾರಿಸಲು ಹೊತ್ತಿಲ್ಲ. ಹುಡುಗಿ ಬೆಣ್ಣೆ ಕಾಗದ, ಪುಟ್ಟ ಚಮಚ ಹಿಡಿದು ಹೊರಟಳು. ಕುಲುಮೆಯ ಮೇಲಿಂದ ಚೂರು, ತಕ್ಕಡಿಯ ಮೇಲಿಂದ ಚೂರು ಕೆರೆದಳು. ಸಾಲಲಿಲ್ಲ. ಸೀದಾ ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, "ಸಾರ್, ಒಂದ್ನಿಮಿಷ ಅಲ್ಲಾಡ್ಬೇಡಿ" ಅಂದಳು.

"ಏನಮ್ಮ ಇದು?"

"ನಿಮ್ಮ ಹಣೆ ಮೇಲಿರೋದು ನನ್ನ ಮೂರನೇ ಅಧ್ಯಾಯ ಸಾರ್."

ಪಾಪ, ಅವರು ಕಣ್ಣು ಮುಚ್ಚಿ ಕೂತರು. ಇವಳು ಹಣೆಯಿಂದ ಪುಡಿ ಕೆರೆದು ತೆಗೆದಳು.

ಬೆಂಗಳೂರಿನಿಂದ ಬಂದ ಗ್ರಾಫಿನಲ್ಲಿ ಕಬ್ಬಿಣದ ಗೆರೆಗಳ ಜೊತೆಗೆ ಸುಣ್ಣದ ಒಂದು ಗೆರೆಯೂ ಎದ್ದಿತ್ತು. ಆಮೇಲೆ ಹೊಸದಾಗಿ ತಯಾರಿಸಿ ಸರಿಯಾದ ಗ್ರಾಫನ್ನೂ ತರಿಸಿದೆವು. ಆದರೆ ಹುಡುಗಿ ಸತ್ಯವಂತೆ, ಪ್ರಬಂಧದಲ್ಲಿ ಎರಡನ್ನೂ ಹಾಕಿದಳು.

ಕೊನೆಯ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಆ ಗೆರೆಯ ಮೇಲೆ ಬೆರಳಿಟ್ಟರು. "ತುಕ್ಕಿನಲ್ಲಿ ಸುಣ್ಣ ಹೇಗೆ ಬಂತು? ಕುಲುಮೆಯ ದೋಷವೋ, ನೀರಿನ ದೋಷವೋ?"

ಹುಡುಗಿ ಮುಂದಿನ ಸಾಲಿನಲ್ಲಿ ಕೂತಿದ್ದ ಪ್ರಿನ್ಸಿಪಾಲರನ್ನು ಒಮ್ಮೆ ನೋಡಿ, ವಿನಯದಿಂದ ಹೇಳಿದಳು: "ಎರಡೂ ಅಲ್ಲ ಸಾರ್. ಅದು ನಮ್ಮ ಪ್ರಿನ್ಸಿಪಾಲರ ವಿಭೂತಿ."