ನೊರೆ ಮೇಲೆ, ಸರಕು ಕೆಳಗೆ

ವಾರಕ್ಕೊಂದು ಎಡವಟ್ಟು ಆಗದಿದ್ದರೆ ನಮ್ಮ ಲ್ಯಾಬಿಗೆ ಬೀಗ ಹಾಕಿದ್ದಾರೇನೋ ಅಂದುಕೊಳ್ಳಬೇಕು. ಹುಣಸೂರಿನ ಹೊರಗೆ ಗೊಬ್ಬರದ ಕಲ್ಲು, ಹೊಲದ ಮಣ್ಣು ಪರೀಕ್ಷಿಸುವ ಪುಟ್ಟ ಜಾಗ. ಕೆಮಿಸ್ಟ್ ನಾನು, ಸಹಾಯಕ್ಕೆ ಕಂಪಲಾಪುರದ ಅಕ್ಕ.

ಫಾಸ್ಫೇಟ್ ಕಲ್ಲಿನಲ್ಲಿ ಸುಣ್ಣಕಲ್ಲು ಬೆರೆತಿರುತ್ತದೆ. ಪುಡಿ ಮಾಡಿ, ನೀರು, ಆಸಿಡ್, ಒಂದಿಷ್ಟು ಎಣ್ಣೆಯಂಥ ದ್ರವ ಸೇರಿಸಿ ಯಂತ್ರದಲ್ಲಿ ಗಾಳಿ ಊದಿದರೆ, ಬೇಡದ ಸುಣ್ಣ ನೊರೆಗೆ ಅಂಟಿ ಮೇಲೇಳುತ್ತದೆ. ಬೇಕಾದ ಫಾಸ್ಫೇಟ್ ತಳದಲ್ಲಿ ಉಳಿಯುತ್ತದೆ. ಈ ಸಲ ಸರಿಯಾಗಿ ಬೇರೆಯಾಗದಿದ್ದರೆ ಯಂತ್ರವನ್ನೇ ಮೈಸೂರಿಗೆ ಸಾಗಿಸುತ್ತೇನೆ ಅಂದಿದ್ದರು ಮಾಲೀಕರು. ಹಾಗಾದರೆ ನನಗೆ ದಿನಾ ಬಸ್ಸು, ಅಕ್ಕನಿಗೆ ಕೆಲಸವೇ ಇಲ್ಲ.

೧. ಪಳಪಳ

ಮೊದಲ ದಿನ ಅಕ್ಕ ಯಂತ್ರದ ತೊಟ್ಟಿಯನ್ನು ಪಾತ್ರೆ ಸೋಪಿನಲ್ಲಿ ತಿಕ್ಕಿಟ್ಟಿದ್ದರು, ತೊಳೆದಿರಲಿಲ್ಲ. ಗಾಳಿ ಬಿಟ್ಟೆ. ನೊರೆ ಮೇಜು ದಾಟಿ, ಹೊಸ್ತಿಲು ದಾಟಿತು. ಮಣ್ಣು ಪರೀಕ್ಷೆಗೆ ಬಂದಿದ್ದ ಹನಗೋಡಿನ ರೈತರೊಬ್ಬರು ಅಲ್ಲೇ ನಿಂತರು. "ಮಣ್ಣು ಆಮೇಲ್ ನೋಡೀರಂತೆ ಮೇಡಂ, ಮೊದ್ಲು ಈ ಟವಲ್ ಅದ್ಕೊಡಿ!"

೨. ಕೆನೆ

ಮರುದಿನ ಫೋನು ಮುಗಿಸಿ ಬಂದರೆ, ನೊರೆಯೆಲ್ಲ ಸ್ಟೀಲ್ ಡಬ್ಬಿಯಲ್ಲಿ ಜೋಪಾನವಾಗಿ ಮುಚ್ಚಿಟ್ಟಿದೆ. ತಳದ್ದು ನುಗ್ಗೆಮರದ ಬುಡ ಸೇರಿದೆ.

"ಏನಕ್ಕಾ ಮಾಡಿದ್ರಿ?"

"ಮೂರು ಹಸ ಕಟ್ಟಿವ್ನಿ ಮೇಡಂ. ಕೆನೆ ಮೇಲೆ ಬತ್ತದೆ ಅಂತ ನಂಗೆ ಯೋಳ್ಕೊಡ್ಬೇಕಾ?"

ಆ ಇಡೀ ವಾರ ಚೆನ್ನಾಗಿ ಊಟ ಮಾಡಿದ್ದು ನುಗ್ಗೆಮರ ಒಂದೇ.

೩. ಬೆಲ್ಲ

ಇನ್ನು ಒಂದೇ ಸಲಕ್ಕಾಗುವಷ್ಟು ಪುಡಿ ಉಳಿದಿತ್ತು. ಅಕ್ಕನ ತವರು ಕೆ.ಆರ್. ನಗರದ ಕಡೆ, ಅವರದೇ ಆಲೆಮನೆ. ಅದು ನೆನಪಾಗಿ, "ಕಬ್ಬಿನಹಾಲು ಕುದಿಯುವಾಗ ಮೇಲೆ ಬರೋ ಕೊಳೆ ತೆಗೆದು ಬಿಸಾಡಲ್ವಾ? ಹಾಗೆ" ಅಂದೆ.

"ಅಂಗನ್ನಿ ಮತ್ತೆ! ಬೆಲ್ಲದ ಥರ ಅಂತ ಮೊದ್ಲೇ ಅನ್ಬಾರ್ದಾ?"

ಮಾಲೀಕರು ಇಬ್ಬರು ಅತಿಥಿಗಳನ್ನು ಕರೆತಂದರು. ನೊರೆ ಸೊಗಸಾಗಿ ಎದ್ದಿತು. ಅಕ್ಕ ಅದನ್ನು ಒಂದು ಬೋಗುಣಿಗೆ, ತಳದ್ದನ್ನು ಇನ್ನೊಂದಕ್ಕೆ ತೆಗೆದರು. ಮಾಲೀಕರಿಗೆ ಉತ್ಸಾಹ ಉಕ್ಕಿತು. "ನೋಡಿ ಸಾರ್, ಮೇಲೆ ತೇಲಿದ್ದೇ ನಮ್ಮ ಚಿನ್ನ! ಇದೆಲ್ಲ ಬರೀ ಕೊಳೆ" ಎನ್ನುತ್ತಾ ತಳದ ಬೋಗುಣಿಯನ್ನೇ ಸಿಂಕಿನತ್ತ ಎತ್ತಿದರು. ಸಂಬಳ ಕೊಡುವವರ ಕೈ ಹಿಡಿಯುವುದು ಹೇಗೆ ಎಂದು ನಾನಿನ್ನೂ ಯೋಚಿಸುತ್ತಿದ್ದೆ. ಅಕ್ಕ ಹಾರಿ ಹೋಗಿ ಅವರ ಮಣಿಕಟ್ಟು ಹಿಡಿದರು.

"ಚೆಲ್ಬ್ಯಾಡಿ ಸಾ! ಇದು ಹಾಲಿನ್ ಲೆಕ್ಕ ಅಲ್ಲ, ಬೆಲ್ಲದ್ ಲೆಕ್ಕ ಕಣ್ರೀ!"

ಪರೀಕ್ಷೆ ಮಾಡಿದೆ. ತಳದಲ್ಲಿ ಒಳ್ಳೇ ಫಾಸ್ಫೇಟ್. ಮಾಲೀಕರು ಬೆವರು ಒರೆಸಿಕೊಂಡು, "ಯಂತ್ರ ಇಲ್ಲೇ ಇರ್ಲಿ. ಮೈಸೂರಲ್ಲಾದ್ರೆ ನನ್ನ ತಡೆಯೋರು ಯಾರೂ ಇರಲ್ಲ" ಅಂದರು.

ಅಕ್ಕನಿಗೆ ಪಾಪ ಅನ್ನಿಸಿರಬೇಕು.

"ಬುಡಿ ಸಾ, ನಾಚ್ಕೋಬ್ಯಾಡಿ. ನಿಮ್ಮನೇಲೂ ಹಸ ಇರ್ಬೇಕು."